ಕೆಂಪು ಕಲ್ಲಿಗಾಗಿ ಕಾದ ಆರು ದಿನ

"ಹರಿಣೀ, ನನ್ನ ಬೆನ್ನಿಂದ ಎದೆಯ ತನಕ ಒಂದು ಪಟ್ಟಿಯ ಹಾಗೆ ಕೆಂಪಾಗಿ ಎದ್ದಿದೆ ಮಾರಾಯ್ತಿ. ಸಣ್ಣ ಸಣ್ಣ ನೀರ್ಗುಳ್ಳೆ. ಉರಿ ಅಂದ್ರೆ ಉರಿ. ಎಂಥದ್ದಿದು?"

2004ರ ಜುಲೈ ತಿಂಗಳ ಒಂದು ಶನಿವಾರ ಬೆಳಿಗ್ಗೆ ನನ್ನ ಅಕ್ಕ ಶಂಕರಿ ಕೊಚ್ಚಿಯಿಂದ ಫೋನ್ ಮಾಡಿ ಕೇಳಿದ ಮಾತು ಇದು. ನಾನು ಹರಿಣಾಕ್ಷಿ. ತಿರುವನಂತಪುರದಲ್ಲಿ ಸರಕಾರಿ ಗುಮಾಸ್ತೆ, ಕಳಕ್ಕೂಟಂನಲ್ಲಿ ಮನೆ. ನಾವಿಬ್ಬರೂ ಕಾಸರಗೋಡಿನ ಕಡೆಯವರು.

"ಒಂದೇ ಬದಿಗಾ, ಎರಡೂ ಬದಿಗಾ?" ಎಂದು ಕೇಳಿದೆ, ದೊಡ್ಡ ಡಾಕ್ಟರಮ್ಮನ ಹಾಗೆ.

"ಎಡಬದಿಗೆ ಮಾತ್ರ."

"ಹಾಗಾದ್ರೆ ಸರ್ಪಸುತ್ತು. ಹೆದರ್ಬೇಡ. ಆಸ್ಪತ್ರೆಗೆ ಗೀಸ್ಪತ್ರೆಗೆ ಓಡ್ಬೇಡ. ಇಂಗ್ಲಿಷ್ ಮದ್ದು ತಗೊಂಡ್ರೆ ಅದು ಒಳಗೆ ಹೋಗ್ತದೆ. ಅಪ್ಪಣ್ಣಜ್ಜನ ಕೆಂಪು ಕಲ್ಲು ತರಿಸ್ತೇನೆ. ನಾನಿದ್ದೇನೆ."

ನಾನಿದ್ದೇನೆ ಎಂದೆ. ಈಗ ಆ ಮಾತು ನೆನಪಾದರೆ ನನ್ನ ಬಾಯಿಗೆ ನಾನೇ ಬಡಿದುಕೊಳ್ಳಬೇಕು ಅನ್ನಿಸುತ್ತದೆ. ಈ ಕಥೆಯಲ್ಲಿ ತಪ್ಪು ಮಾಡಿದವಳು ಬೇರೆ ಯಾರೂ ಅಲ್ಲ, ನಾನೇ. ಅದಕ್ಕೇ ನಾನೇ ಹೇಳುತ್ತಿದ್ದೇನೆ. ಓದಿದವರು ನನ್ನನ್ನು ಬೈದರೂ ಅಡ್ಡಿಯಿಲ್ಲ, ಪೂರ್ತಿ ಓದಿ.

ಅಕ್ಕನಿಗೆ ಆಗ ಐವತ್ತನಾಲ್ಕು ವರ್ಷ. ಕೊಚ್ಚಿಯ ಪಾಲಾರಿವಟ್ಟಂನಲ್ಲಿ ಒಬ್ಬ ವಕೀಲರ ಆಫೀಸಿನಲ್ಲಿ ಕೆಲಸ. ನಮ್ಮ ಊರಿನ ಜಾಗದ ತಕರಾರುಗಳು ಹೈಕೋರ್ಟಿಗೆ ಬಂದಾಗ ಹಳೆಯ ಕನ್ನಡ ಕಾಗದಪತ್ರಗಳನ್ನೆಲ್ಲ ಇಂಗ್ಲಿಷಿಗೆ ಮಾಡಿಕೊಡಬೇಕಲ್ಲ, ಆ ಕೆಲಸ ಅವಳದ್ದು. ಮೋಡಿ ಅಕ್ಷರದ ಹಾಗೆ ಸುರುಳಿ ಸುತ್ತಿದ ಬರಹವನ್ನೂ ಅವಳು ಅನ್ನ ಉಂಡಷ್ಟು ಸಲೀಸಾಗಿ ಓದುತ್ತಿದ್ದಳು. ಅವಳ ಗಂಡ ದಾಮೋದರ ಭಾವ ಅಂಬಲಮುಗಳಿನ ಎಣ್ಣೆ ಶುದ್ಧೀಕರಣ ಕಾರ್ಖಾನೆಯಲ್ಲಿದ್ದರು. ಮನೆಯಲ್ಲಿ ಅವರಿಬ್ಬರೇ.

ನಮ್ಮ ಕಡೆಯವರಿಗೆ ಒಂದು ಅಭ್ಯಾಸ ಉಂಟು. ಊರಿಂದ ಯಾರು ಕೇಸಿಗೆಂದು ಕೊಚ್ಚಿಗೆ ಹೊರಟರೂ ಅವರ ಕೈಯಲ್ಲಿ ಏನಾದರೊಂದು ಕಳಿಸುವುದು. ಹಲಸಿನ ಹಪ್ಪಳ, ಮಾವಿನ ಮಿಡಿ, ಮದ್ದು, ಪ್ರಸಾದ. ಅಂಚೆಗಿಂತ ನಮಗೆ ಕಕ್ಷಿದಾರರ ಮೇಲೆಯೇ ಭರವಸೆ ಹೆಚ್ಚು. ಊರಿನ ರಾಮಚಂದ್ರಣ್ಣನ ಕೇಸು ಮಂಗಳವಾರಕ್ಕೆ ಇತ್ತು. ನಾನು ಕೂಡಲೇ ಊರಿಗೆ ಫೋನ್ ಮಾಡಿ, ಸರ್ಪಸುತ್ತಿಗೆ ಮದ್ದು ಕೊಡುವ ಅಪ್ಪಣ್ಣಜ್ಜನಿಂದ ಕೆಂಪು ಕಲ್ಲು ಮಂತ್ರಿಸಿ ತರಲು ಏರ್ಪಾಡು ಮಾಡಿದೆ. ರಾಮಚಂದ್ರಣ್ಣ ಸೋಮವಾರ ಸಂಜೆ ಮಲಬಾರ್ ಎಕ್ಸ್‌ಪ್ರೆಸ್ ಹತ್ತುತ್ತಾನೆ, ಮಂಗಳವಾರ ಬೆಳಿಗ್ಗೆ ಕಲ್ಲು ಅಕ್ಕನ ಕೈಯಲ್ಲಿ. ನನ್ನ ಲೆಕ್ಕಾಚಾರ ಅಷ್ಟು ಚಂದ ಇತ್ತು.

ಭಾನುವಾರ ಅಕ್ಕನ ಪಕ್ಕದ ಮನೆಯ ಏಲಿಕುಟ್ಟಿ ಚೇಚಿ ಗುಳ್ಳೆಗಳನ್ನು ನೋಡಿದರು. ಚೇಚಿ ಅಂದರೆ ಮಲಯಾಳದಲ್ಲಿ ಅಕ್ಕ; ಅವರು ಮೂವತ್ತು ವರ್ಷ ನರ್ಸ್ ಆಗಿ ಕೆಲಸ ಮಾಡಿ ನಿವೃತ್ತರಾದವರು. ನೋಡಿದವರೇ, "ಇನ್ನು ತನ್ನೆ ಆಶುಪತ್ರಿಯಿಲ್ ಪೋಣಂ ಮೋಳೇ," ಇವತ್ತೇ ಆಸ್ಪತ್ರೆಗೆ ಹೋಗಬೇಕು ಮಗಳೇ ಎಂದು ಹಟ ಹಿಡಿದರು.

ಅಕ್ಕ ಮತ್ತೆ ನನಗೆ ಫೋನ್ ಮಾಡಿದಳು. "ಚೇಚಿ ಹೇಳ್ತಾರೆ ಇದಕ್ಕೆ ಮಾತ್ರೆ ಉಂಟಂತೆ. ಮೂರು ದಿನದ ಒಳಗೆ ಶುರು ಮಾಡ್ಬೇಕಂತೆ. ಹೋಗಿ ಬರ್ಲಾ?"

"ಚೇಚಿಗೆ ನಮ್ಮ ಸರ್ಪದ ವಿಷಯ ಎಂಥ ಗೊತ್ತು? ತಲೆ ಬಾಲ ಸೇರಿದ್ರೆ ಮನುಷ್ಯ ಉಳಿಯುದಿಲ್ಲ, ಗೊತ್ತುಂಟಲ್ಲ ನಿಂಗೆ? ಕಲ್ಲು ತೇದು ಹಚ್ಚಿ ತಲೆ ಮುಂದೆ ಹೋಗದ ಹಾಗೆ ಕಟ್ಟು ಹಾಕ್ಬೇಕು. ಮಂಗಳವಾರ ಬರ್ತದೆ. ಇನ್ನೆರಡು ದಿನ ತಡ್ಕೋ."

"ಆಯ್ತು," ಎಂದಳು ಅಕ್ಕ. ನನಗಿಂತ ಆರು ವರ್ಷ ದೊಡ್ಡವಳು, ಆದರೂ ಮೊದಲಿನಿಂದಲೂ ನನ್ನ ಮಾತಿಗೆ ಎದುರು ಹೇಳಿದವಳಲ್ಲ.

ಸೋಮವಾರ ಮಧ್ಯಾಹ್ನ ಸುದ್ದಿ ಬಂತು. ರಾಮಚಂದ್ರಣ್ಣನ ಕೇಸು ಶುಕ್ರವಾರಕ್ಕೆ ಮುಂದೆ ಹೋಗಿತ್ತು. ಅವನು ಮಂಗಳವಾರ ಬರುವುದಿಲ್ಲ. ಕೋರ್ಟು ಅಂದ ಮೇಲೆ ತಾರೀಖು ಮುಂದೆ ಹೋಗುವುದು ನಮಗೆ ಹೊಸತಾ? ಆದರೆ ಅಕ್ಕನ ಮೈಯೊಳಗಿನ ರೋಗ ಕೋರ್ಟಿನ ತಾರೀಖಿಗೆ ಕಾಯುವುದಿಲ್ಲ ಎಂಬ ಬುದ್ಧಿ ನನಗೆ ಬರಲಿಲ್ಲ. "ಶುಕ್ರವಾರ ಅಂದ್ರೆ ಇನ್ನೆಷ್ಟು ದಿನ? ತಡ್ಕೋ ಅಕ್ಕ," ಎಂದೆ. ಅವಳು ತಡೆದುಕೊಂಡಳು.

ಶುಕ್ರವಾರ ಕಲ್ಲು ಬಂತು. ಶನಿವಾರದಿಂದ ಎಣಿಸಿದರೆ ಪೂರಾ ಆರು ದಿನ. ತೇದು ಹಚ್ಚಿದರು. ಇನ್ನೆರಡು ವಾರದಲ್ಲಿ ಗುಳ್ಳೆ ಒಣಗಿತು, ಹೊಪ್ಪಳೆ ಉದುರಿತು. ನಾನು ಫೋನಿನಲ್ಲಿ ಚೇಚಿಗೆ ಕೇಳುವ ಹಾಗೆ ಜೋರಾಗಿ, "ನೋಡಿದ್ಯಾ ಅಕ್ಕ, ನಮ್ಮ ಮದ್ದು!" ಎಂದು ಕೊಚ್ಚಿಕೊಂಡೆ. ಆಮೇಲೆ ಗೊತ್ತಾಯಿತು, ಗುಳ್ಳೆ ಯಾವ ಮದ್ದು ಹಚ್ಚಿದರೂ, ಹಚ್ಚದಿದ್ದರೂ, ಮೂರ್ನಾಲ್ಕು ವಾರದಲ್ಲಿ ತಾನಾಗಿಯೇ ಒಣಗುತ್ತದೆ. ಹಾಗಾಗಿಯೇ ಎಲ್ಲ ಮದ್ದಿಗೂ ಹೆಸರು ಬರುವುದು.

ಗುಳ್ಳೆ ಹೋಯಿತು, ಉರಿ ಹೋಗಲಿಲ್ಲ.

ಆಗಸ್ಟ್ ಕಳೆಯಿತು, ಓಣಂ ಕಳೆಯಿತು, ದೀಪಾವಳಿ ಬಂತು. ಅಕ್ಕ ಫೋನಿನಲ್ಲಿ ಹೇಳುವುದು ಒಂದೇ ಮಾತು. "ಕೆಂಡ ಇಟ್ಟ ಹಾಗೆ ಆಗ್ತದೆ ಹರಿಣೀ. ನಡುವೆ ನಡುವೆ ಕರೆಂಟ್ ಹೊಡೆದ ಹಾಗೆ." ಫ್ಯಾನಿನ ಗಾಳಿ ತಾಗಿದರೆ ನೋವು. ರವಿಕೆಯ ಬಟ್ಟೆ ತಾಗಿದರೆ ನೋವು. ಬಟ್ಟೆ ತಾಗಿದರೆ ಯಾರಿಗಾದರೂ ನೋವಾಗುತ್ತದಾ ಎಂದು ನನಗೆ ಒಳಗೊಳಗೇ ಸಿಟ್ಟು ಬರುತ್ತಿತ್ತು. ಅವಳು ಆಫೀಸಿಗೆ ಹೋಗುವುದನ್ನು ಕಡಿಮೆ ಮಾಡಿದಳು. ಜನವರಿಗೆ ಪೂರ್ತಿ ಬಿಟ್ಟಳು. ಒಂದು ಪುಟ ಓದುವಷ್ಟು ಹೊತ್ತು ಕೂಡ ಅವಳಿಗೆ ಸುಮ್ಮನೆ ಕೂತುಕೊಳ್ಳಲು ಆಗುತ್ತಿರಲಿಲ್ಲ.

ಫೆಬ್ರವರಿಯಲ್ಲಿ ನಾನು ರಜೆ ಹಾಕಿ ಕೊಚ್ಚಿಗೆ ಹೋದೆ. ಅಕ್ಕ ರವಿಕೆಯ ಒಂದು ಬದಿ ಬಿಚ್ಚಿ, ಸೆರಗನ್ನು ಮೈಗೆ ತಾಗದ ಹಾಗೆ ಕೈಯಲ್ಲಿ ಎತ್ತಿ ಹಿಡಿದುಕೊಂಡು ನೆಲದ ಮೇಲೆ ಕೂತಿದ್ದಳು. ಮೈ ಅರ್ಧಕ್ಕರ್ಧ ಇಳಿದಿತ್ತು. ನಾನು ಅವಳ ಬೆನ್ನು ನೋಡಿದೆ. ಒಂದಷ್ಟು ಕಪ್ಪು ಕಲೆ, ಅಷ್ಟೆ.

"ಗಾಯವೇ ಇಲ್ಲವಲ್ಲ ಅಕ್ಕ! ಇನ್ನೆಲ್ಲಿಂದ ನೋವು?"

"ಉಂಟು ಹರಿಣೀ."

"ಹರಿಣಾಕ್ಷೀ, ನಾನೂ ಅದನ್ನೇ ಹೇಳುದು," ಎಂದರು ಭಾವ. "ಎಲ್ಲ ಮನಸ್ಸಿನದ್ದು. ಮನೆಯಲ್ಲಿ ಕೂತು ಕೂತು ಅದನ್ನೇ ಯೋಚನೆ ಮಾಡ್ತಾಳೆ."

ನಾನು ಹೌದೆಂದು ತಲೆಯಾಡಿಸಿದೆ. ಅಕ್ಕ ನಮ್ಮಿಬ್ಬರ ಮುಖವನ್ನೂ ಒಮ್ಮೆ ನೋಡಿ ಗೋಡೆಯ ಕಡೆಗೆ ತಿರುಗಿದಳು. ಮತ್ತೆ ನಾನಿದ್ದ ಎರಡು ದಿನವೂ ನೋವಿನ ಸುದ್ದಿ ಎತ್ತಲಿಲ್ಲ. ಅದನ್ನು ನಾನು ಗುಣ ಎಂದು ತಿಳಿದು ಸಮಾಧಾನದಿಂದ ರೈಲು ಹತ್ತಿದೆ, ನೋಡಿ ನನ್ನ ಬುದ್ಧಿ!

ನಮ್ಮ ಕಳಕ್ಕೂಟಂ ಮನೆಯ ಮೇಲಿನ ಕೋಣೆಯಲ್ಲಿ ಮಧುರಾ ಎಂಬ ಹುಡುಗಿ ಬಾಡಿಗೆಗೆ ಇದ್ದಳು. ಧಾರವಾಡದವಳು. ತಿರುವನಂತಪುರದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಏನು ಓದುತ್ತೀ ಎಂದು ಕೇಳಿದರೆ, "ರೋಗದ ಜೋಡಿ ಜಗಳಾಡೋ ಕಣ ಏನು ಉಣ್ತಾವ, ಹೆಂಗ ಉಣ್ತಾವ ಅಂತ ನೋಡ್ತೀನ್ರಿ," ಎನ್ನುತ್ತಿದ್ದಳು. ಇದೆಂಥ ಓದು ಎಂದು ನಾನು ನಗುತ್ತಿದ್ದೆ. ಕೊಚ್ಚಿಯಿಂದ ಬಂದ ಮೇಲೆ ಚಹಾ ಕುಡಿಯುತ್ತಾ ಅವಳ ಹತ್ತಿರ, "ನಮ್ಮ ಅಕ್ಕನಿಗೆ ಗಾಯ ಮಾಸಿ ಆರು ತಿಂಗಳಾಯ್ತು, ಇನ್ನೂ ನೋವು ಅಂತ ನಾಟಕ," ಎಂದುಬಿಟ್ಟೆ.

ಹುಡುಗಿ ಲೋಟ ಕೆಳಗಿಟ್ಟಳು. "ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಮಾಸಿದ್ದು ಚರ್ಮ. ಒಳಗಿನ ನರ ಮಾಸೇತೋ ಇಲ್ಲೋ ನಿಮಗ ಹೆಂಗ ಗೊತ್ತು?"

ನಾನು ಮುಖ ತಿರುಗಿಸಿ ಬಿಸ್ಕತ್ತಿನ ತಟ್ಟೆ ಅವಳ ಕಡೆ ಸರಿಸಿದೆ.

"ಸಣ್ಣಾಕಿ ಇದ್ದಾಗ ಅವರಿಗೆ ಚಿಕನ್‌ಪಾಕ್ಸ್ ಆಗಿತ್ತೇನ್ರಿ?"

"ಆಗಿತ್ತು. ನಮಗಿಬ್ಬರಿಗೂ ಒಟ್ಟಿಗೇ."

"ಆವಾಗ ಬಂದ ವೈರಸ್ಸು ಪೂರ್ತಿ ಹೋಗಂಗಿಲ್ರಿ. ನರದ ಬುಡದಾಗ ಅಡಗಿ ಕುಂತಿರ್ತದ. ವಯಸ್ಸಾದ ಮ್ಯಾಲೆ, ಇಲ್ಲಾ ಮೈಯಾಗಿನ ಶಕ್ತಿ ಕುಗ್ಗಿದಾಗ, ಎದ್ದು ಆ ನರ ಹಿಡಕೊಂಡು ಹೊರಗ ಬರ್ತದ. ನರ ಹೋದಲ್ಲೆಲ್ಲಾ ಗುಳ್ಳಿ. ಬಲಗಡೆ ನರ ಬಲಕ್ಕ, ಎಡಗಡೆ ನರ ಎಡಕ್ಕ. ಅದಕ್ಕ ಒಂದೇ ಬದಿ ಪಟ್ಟಿ. ಅದು ಹಾವಲ್ರೀ ಅಕ್ಕಾರ. ಅದಕ್ಕ ತಲೀನೂ ಇಲ್ಲ, ಬಾಲಾನೂ ಇಲ್ಲ."

"ಸರಿ, ಆ ವೈರಸ್ಸು ಹೋಯ್ತಲ್ಲ. ಮತ್ತೆ ನೋವು ಯಾಕೆ?"

"ಅದ ನಾನು ಓದೂದ್ರಿ. ನಮ್ಮ ಮೈಯಾಗ ಕಾವಲು ಕಾಯೋ ಕಣ ಅದಾವ. ಗದ್ದಲ ಇಲ್ಲದಾಗ ಸ್ವಲ್ಪೇ ಸ್ವಲ್ಪ ಉಂಡು ತಮ್ಮ ಪಾಡಿಗೆ ಇರ್ತಾವ. ವೈರಿ ಬಂದ ಅಂದ್ರ ಅವು ಉಣ್ಣೋ ರೀತೀನ ಬದಲಾಗ್ತದ. ರಕ್ತದಾಗಿನ ಸಕ್ರಿ ಗಬಗಬ ತಿಂದು ಕೆರಳಿ ನಿಲ್ತಾವ. ಕೆರಳಬೇಕ ಅನ್ರಿ, ಇಲ್ಲಂದ್ರ ವೈರಿ ಸಾಯಂಗಿಲ್ಲ. ಆದ್ರ ಕೆಲವರ ಮೈಯಾಗ ವೈರಿ ಹೋದ ಮ್ಯಾಲೂ ಅವು ತಣ್ಣಗಾಗಂಗಿಲ್ಲ. ಪೆಟ್ಟು ತಿಂದ ನರದ ಸುತ್ತ ಕುಂತು ಉರಿ ಹಚ್ಚೋ ರಸ ಬಿಡ್ತನ ಇರ್ತಾವ. ಆ ನರ ಸುಮ್‌ಸುಮ್ನ ಮಿದುಳಿಗೆ ಸುದ್ದಿ ಕಳಸ್ತದ, ಬೆಂಕಿ ಬಿದ್ದೇತಿ, ಬೆಂಕಿ ಬಿದ್ದೇತಿ ಅಂತ. ಬಟ್ಟಿ ತಾಗಿದ್ರೂ ಬೆಂಕಿ ಅಂತದ."

ರವಿಕೆ ತಾಗಿದರೆ ನೋವು ಎಂದು ಅಕ್ಕ ಹೇಳಿದ್ದು ಈ ಹುಡುಗಿಗೆ ನಾನಿನ್ನೂ ಹೇಳಿಯೇ ಇರಲಿಲ್ಲ. ಅವಳು ಅಕ್ಕನನ್ನು ಕಂಡವಳೂ ಅಲ್ಲ.

"ಸಕ್ಕರೆ ತಿಂದು ಕೆರಳ್ತದೆ ಅಂತಾದ್ರೆ ಅಕ್ಕನ ಚಹಾಕ್ಕೆ ಸಕ್ಕರೆ ನಿಲ್ಲಿಸ್ಲಾ?"

"ಅಯ್ಯ, ಅಷ್ಟು ಸುಲಭ ಇದ್ದಿದ್ರ ನಾ ಯಾಕ್ರಿ ಐದು ವರ್ಷ ಇಲಿ ಸಾಕ್ಕೋತ ಕೂಡ್ತಿದ್ದೆ! ಚಾದಾಗಿನ ಸಕ್ರಿ ಬಿಟ್ರ ಇದು ಹೋಗಂಗಿಲ್ಲ. ಸಕ್ರಿ ಕಾಯಿಲಿ ಇದ್ರ ಮಾತ್ರ ಅದನ್ನ ಹತೋಟಿಗೆ ತರಬೇಕು. ನಮ್ಮ ಓದು ಇನ್ನೂ ಅರ್ಧ ದಾರ್ಯಾಗ ಐತ್ರಿ, ಇಲೀದು ಮನುಷ್ಯಾಗ ಎಷ್ಟು ಹೊಂದ್ತದೋ ಇನ್ನೂ ಪೂರ್ತಿ ತಿಳದಿಲ್ಲ. ಆದ್ರ ನೋವು ಖರೇನ ಅನ್ನೂದು ತಿಳದೈತಿ. ನೋವು ತಗ್ಗಿಸೋ ಔಷಧ ಅದಾವ. ಕರಕೊಂಡು ಹೋಗ್ರಿ."

ನಾಟಕ ಎಂದಿದ್ದೆ ನಾನು. ಆ ರಾತ್ರಿಯೇ ಏಲಿಕುಟ್ಟಿ ಚೇಚಿಗೆ ಫೋನ್ ಮಾಡಿದೆ.

ಮಾರ್ಚ್ ತಿಂಗಳಲ್ಲಿ ನಾನೂ ಏಲಿಕುಟ್ಟಿ ಚೇಚಿಯೂ ಸೇರಿ ಅಕ್ಕನನ್ನು ನೋವಿನ ಚಿಕಿತ್ಸೆ ಕೊಡುವ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಡಾಕ್ಟರು ಒಂದು ಹತ್ತಿಯ ತುಂಡನ್ನು ಅಕ್ಕನ ಬೆನ್ನಿಗೆ ಮೆಲ್ಲಗೆ ತಾಗಿಸಿದರು. ಬರೀ ಹತ್ತಿ. ಅಕ್ಕ ಕಿರುಚಿದಳು. ನಾನು ಕಣ್ಣು ಮುಚ್ಚಿಕೊಂಡೆ.

"ಯಾವಾಗ ಬಂದದ್ದು? ಮೊದಲ ಮೂರು ದಿನದಲ್ಲಿ ಯಾಕೆ ಬರಲಿಲ್ಲ?" ಎಂದು ಡಾಕ್ಟರು ಕೇಳಿದರು.

ಅಕ್ಕ ನನ್ನ ಕಡೆ ನೋಡಲಿಲ್ಲ. "ಗೊತ್ತಾಗ್ಲಿಲ್ಲ," ಎಂದಳು.

"ಆಗ ಬಂದಿದ್ರೆ ವೈರಸ್ ತಡೆಯುವ ಮಾತ್ರೆ ಕೊಡ್ತಿದ್ದೆವು. ಈ ನೋವು ಖಂಡಿತ ಬರ್ತಿರಲಿಲ್ಲ ಅಂತ ಹೇಳಲಾರೆ. ಆದರೆ ನರಕ್ಕೆ ಇಷ್ಟು ಪೆಟ್ಟು ಬೀಳುವ ಸಂಭವ ಕಡಿಮೆ ಇತ್ತು. ಈಗ ನೋವನ್ನು ತಗ್ಗಿಸಬಹುದು. ಪೂರ್ತಿ ತೆಗೆಯಲು ಆಗ್ತದೋ ಇಲ್ಲವೋ ನೋಡ್ಬೇಕು." ಎರಡು ಬಗೆಯ ಮಾತ್ರೆ ಬರೆದುಕೊಟ್ಟು ಮತ್ತೆ ಮತ್ತೆ ಹೇಳಿದರು, "ಇದು ತಲೆನೋವಿನ ಮಾತ್ರೆಯ ಹಾಗೆ ಒಂದು ಗಂಟೆಯಲ್ಲಿ ಕೆಲಸ ಮಾಡುದಿಲ್ಲ. ವಾರಗಳು ಬೇಕು. ಮೊದಮೊದಲು ನಿದ್ದೆ, ತಲೆ ತಿರುಗುವುದು ಇರ್ತದೆ. ನಮ್ಮನ್ನು ಕೇಳದೆ ನಿಲ್ಲಿಸ್ಬೇಡಿ."

ನಾಲ್ಕನೇ ವಾರಕ್ಕೆ ಅಕ್ಕ ಫೋನಿನಲ್ಲಿ, "ನಿನ್ನೆ ಸ್ವಲ್ಪ ನಿದ್ದೆ ಬಂತು," ಎಂದಳು. ನನಗೆ ಕುಣಿಯುವಷ್ಟು ಸಂತೋಷ.

ಅಷ್ಟರಲ್ಲಿ ದಾಮೋದರ ಭಾವ ಮಾತ್ರೆಯ ಡಬ್ಬದೊಳಗಿನ ಕಾಗದ ಬಿಡಿಸಿ ಓದಿದರು. ಒಂದರಲ್ಲಿ ಅಪಸ್ಮಾರಕ್ಕೆ ಎಂದಿತ್ತು, ಇನ್ನೊಂದರಲ್ಲಿ ಖಿನ್ನತೆಗೆ ಎಂದಿತ್ತು. ಓದು ಬರಹ ಬಲ್ಲವರ ಅವಾಂತರ ಇದು. "ಇದು ಫಿಟ್ಸಿನ ಮಾತ್ರೆ, ಇದು ಹುಚ್ಚಿನ ಮಾತ್ರೆ! ನಿನ್ನನ್ನು ಪೂರ್ತಿ ಹುಚ್ಚಿ ಮಾಡಿ ಬಿಡ್ತಾರೆ. ಹಗಲಿಡೀ ತೂಕಡಿಸ್ತಿ, ಸಾಲದಾ?" ಎಂದು ಎರಡನ್ನೂ ತೆಗೆದು ಬಿಸಾಡಿದರು. ನರ ಶಾಂತ ಮಾಡುವ ಗುಣ ಆ ಮಾತ್ರೆಗಳಿಗೆ ಇರುವುದರಿಂದ ನರದ ನೋವಿಗೂ ಅವನ್ನೇ ಕೊಡುತ್ತಾರೆ ಎಂದು ಅವರು ಯಾರನ್ನೂ ಕೇಳಲಿಲ್ಲ. ಅಕ್ಕನೂ ನನಗೆ ಹೇಳಲಿಲ್ಲ. ಎರಡು ಸಲ ನಂಬದೆ ಇದ್ದ ತಂಗಿಗೆ ಮೂರನೆಯ ಸಲ ಯಾರು ಹೇಳುತ್ತಾರೆ?

ಹದಿನೈದು ದಿನ ಕಳೆದಿರಬೇಕು. ಒಂದು ಮಧ್ಯಾಹ್ನ ನನ್ನ ಆಫೀಸಿಗೆ ಏಲಿಕುಟ್ಟಿ ಚೇಚಿಯ ಫೋನ್ ಬಂತು. ಚೇಚಿ ಬೋಟಿನಿಂದ ಜೆಟ್ಟಿಯ ಕಟ್ಟೆಗೆ ಇಳಿದಾಗ ಅಕ್ಕ ಅಲ್ಲಿ ನೀರಿನ ಅಂಚಿನಲ್ಲಿ ನಿಂತಿದ್ದಳಂತೆ. ಯಾವ ಬೋಟಿಗೂ ಹತ್ತಲಿಲ್ಲವಂತೆ. ಚೇಚಿ ಹೋಗಿ ಕೈ ಹಿಡಿದಾಗ ಅಕ್ಕ ಹೇಳಿದ್ದು ಇಷ್ಟೇ: "ಚೇಚಿ, ನಾನು ಸುಳ್ಳು ಹೇಳುದಲ್ಲ. ನೋವು ಉಂಟು. ಇನ್ನು ನನ್ನ ಕೈಲಾಗುದಿಲ್ಲ."

ಆ ದಿನ ಸಿಕ್ಕಿದ ರೈಲು ಹತ್ತಿದೆ. ಕೂತುಕೊಳ್ಳಲು ಜಾಗ ಇರಲಿಲ್ಲ, ಬಾಗಿಲ ಹತ್ತಿರ ನಿಂತೇ ಹೋದೆ. ದಾರಿಯಿಡೀ ಅತ್ತೆ. ಚೇಚಿಯ ಮನೆಯಲ್ಲಿ ಅಕ್ಕ ಮಲಗಿದ್ದಳು. ಚೇಚಿ ಅವಳನ್ನು ಒಂದು ಗಳಿಗೆಯೂ ಒಬ್ಬಳೇ ಬಿಟ್ಟಿರಲಿಲ್ಲ, ಡಾಕ್ಟರಿಗೂ ಫೋನ್ ಮಾಡಿ ಎಲ್ಲ ಹೇಳಿದ್ದರು. ದೇವರು ಆ ಹೆಂಗಸನ್ನು ನೂರು ವರ್ಷ ಇಡಲಿ.

ನನಗೆ ಯಾರ ಮೇಲಾದರೂ ಸಿಟ್ಟು ತೀರಿಸಬೇಕಿತ್ತು. ಊರಿಗೆ ಫೋನ್ ಹಚ್ಚಿ ಅಪ್ಪಣ್ಣಜ್ಜನನ್ನು ಕರೆಸಿದೆ. "ನಿಮ್ಮ ಕಲ್ಲು ನಂಬಿ ನನ್ನ ಅಕ್ಕ ಹಾಳಾದ್ಳು!" ಎಂದು ಬಾಯಿಗೆ ಬಂದ ಹಾಗೆ ಬೈದೆ.

ಅಜ್ಜ ಎಲ್ಲವನ್ನೂ ಕೇಳಿ ಮೆಲ್ಲಗೆ ಹೇಳಿದರು. "ನೀನು ಕಲ್ಲು ಕೇಳಿದ್ದಿ, ನಾನು ಕೊಟ್ಟದ್ದು. ಡಾಕ್ಟ್ರ ಹತ್ರ ಹೋಗ್ಬೇಡಿ ಅಂತ ನಾನು ಯಾರಿಗೂ ಹೇಳ್ಲಿಲ್ಲ ಮಗಾ. ನಾಲ್ಕು ವರ್ಷದ ಹಿಂದೆ ನನ್ನ ಹೆಂಡತಿಗೆ ಹಣೆಯಲ್ಲಿ ಸರ್ಪಸುತ್ತು ಎದ್ದಾಗ ಅವತ್ತೇ ಜೀಪು ಮಾಡಿ ಕಾಸರಗೋಡಿನ ಆಸ್ಪತ್ರೆಗೆ ನಾನೇ ಕರ್ಕೊಂಡು ಹೋದೆ. ಕಣ್ಣು ಹೋಗ್ತದೆ ಅಂತ ಹೆದರಿಕೆ ಆಯ್ತು ನಂಗೆ. ಕಲ್ಲೂ ಹಚ್ಚಿದೆ, ಮಾತ್ರೆಯೂ ಕೊಟ್ಟೆ. ನೀವು ಅಷ್ಟು ದೊಡ್ಡ ಆಸ್ಪತ್ರೆಗಳ ನಡುವೆ ಇದ್ದವರು, ನೀವು ಹೋಗುದಿಲ್ಲ ಅಂತ ನಂಗೆಂಥ ಗೊತ್ತು?"

ಫೋನ್ ಇಟ್ಟೆ. ಕಲ್ಲು ಕೊಡುವ ಅಜ್ಜನಿಗಿದ್ದ ಬುದ್ಧಿ ಬಿ.ಎ. ಓದಿದ ನನಗಿರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತ ಗಾದೆ ಉಂಟಲ್ಲ, ಅದು ನನಗೇ ಹೇಳಿದ್ದು.

ಮರುದಿನ ಡಾಕ್ಟರ ಎದುರು ಭಾವನನ್ನೂ ಕೂರಿಸಿದೆವು. ಡಾಕ್ಟರು ಹತ್ತಿಯನ್ನು ಈ ಸಲ ಅವರ ಕೈಗೇ ಕೊಟ್ಟರು. "ನೀವೇ ತಾಗಿಸಿ ನೋಡಿ." ಭಾವ ತಾಗಿಸಿದರು. ಅಕ್ಕನ ಮೈ ಹೇಗೆ ನಡುಗಿತೆಂದರೆ ಭಾವನ ಕೈಯಿಂದ ಹತ್ತಿ ಕೆಳಗೆ ಬಿತ್ತು. ಅವತ್ತಿನಿಂದ ಅಕ್ಕನ ಮಾತ್ರೆ ಹೊತ್ತು ಹೊತ್ತಿಗೆ ಕೊಡುವುದು ಅವರದೇ ಕೆಲಸವಾಯಿತು.

ಕಥೆ ಇಲ್ಲಿಗೆ ಸುಖವಾಗಿ ಮುಗಿಯಿತು ಎಂದು ಹೇಳಲು ನನಗೂ ಆಸೆ. ಆದರೆ ಸುಳ್ಳು ಹೇಳಲಾರೆ. ಒಂದು ವರ್ಷದಲ್ಲಿ ನೋವು ಅರ್ಧಕ್ಕೆ ಇಳಿಯಿತು. ಅಲ್ಲಿಂದ ಮುಂದೆ ಇಳಿಯಲಿಲ್ಲ. ಅಕ್ಕ ಈಗಲೂ ಸಡಿಲವಾದ ಹತ್ತಿಯ ಅಂಗಿಯನ್ನೇ ಹಾಕುತ್ತಾಳೆ. ಬಸ್ಸು ಹತ್ತುವುದಿಲ್ಲ, ಯಾರಾದರೂ ತಾಗುತ್ತಾರೆ ಎಂಬ ಹೆದರಿಕೆ. ದಿನಕ್ಕೆ ಎರಡು ಮೂರು ಪುಟ ಮನೆಯಲ್ಲೇ ಭಾಷಾಂತರ ಮಾಡುತ್ತಾಳೆ. ನಾಲ್ಕು ವರ್ಷವಾಯಿತು, ನಾನು ನನ್ನ ಅಕ್ಕನನ್ನು ಒಮ್ಮೆಯೂ ಅಪ್ಪಿಕೊಂಡಿಲ್ಲ.

ಕಳೆದ ವರ್ಷ, 2007ರ ಅಕ್ಟೋಬರಿನಲ್ಲಿ, ಭಾವ ಸ್ನಾನ ಮಾಡಿ ಬಂದಾಗ ಅವರ ಬೆನ್ನಿನ ಬಲಬದಿಯಲ್ಲಿ ಒಂದಿಷ್ಟು ಕೆಂಪು ಗುಳ್ಳೆ ಅಕ್ಕನ ಕಣ್ಣಿಗೆ ಬಿತ್ತು. ಅವರಿಗೆ ಐವತ್ತೆಂಟು ವರ್ಷ. ಅಕ್ಕನಿಂದ ಅಂಟಿದ್ದಲ್ಲ, ಅವರೊಳಗೇ ಹಳೆಯ ಚಿಕನ್‌ಪಾಕ್ಸ್ ಅಡಗಿ ಕೂತದ್ದು.

"ಬೆವರುಸಾಲೆ ಇರ್ಬೇಕು. ನಾಳೆ ನೋಡುವ," ಎಂದರಂತೆ ಭಾವ.

"ನಾಳೆ ಇಲ್ಲ. ಅಂಗಿ ಹಾಕಿ. ಈಗ," ಎಂದಳಂತೆ ಅಕ್ಕ.

ಬಸ್ಸು ಹತ್ತದ ಅಕ್ಕ ಅವತ್ತು ಆಟೋದಲ್ಲಿ, ಪಾಲಾರಿವಟ್ಟಂನ ಹೊಂಡ ಬಿದ್ದ ರಸ್ತೆಯಲ್ಲಿ, ಹಲ್ಲು ಕಚ್ಚಿಕೊಂಡು ಕೂತು ಗಂಡನನ್ನು ಆಸ್ಪತ್ರೆಗೆ ಮುಟ್ಟಿಸಿದಳು. ಗುಳ್ಳೆ ಕಂಡ ಎರಡು ಗಂಟೆಯೊಳಗೆ ಮೊದಲ ಮಾತ್ರೆ ಭಾವನ ಹೊಟ್ಟೆ ಸೇರಿತು. ಏಳು ದಿನ ಗಂಟೆ ನೋಡಿ ಮಾತ್ರೆ ಕೊಟ್ಟಳು.

ಎರಡು ತಿಂಗಳ ಮೇಲೆ ನಾನು ಹೋದಾಗ ಭಾವ ಬನಿಯನ್ ಹಾಕಿಕೊಂಡು ಪೇಪರ್ ಓದುತ್ತಿದ್ದರು. ಅಕ್ಕ ಅವರ ಹಿಂದೆ ಬಂದು ನಿಂತಳು. ಬನಿಯನ್ ಮೇಲೆತ್ತಿ ಆ ಕಲೆಗಳ ಮೇಲೆ ತನ್ನ ಅಂಗೈ ಇಟ್ಟು ಒತ್ತಿದಳು.

"ನೋವುಂಟಾ?"

"ಇಲ್ಲ ಮಾರಾಯ್ತಿ."

ಇನ್ನೂ ಜೋರಾಗಿ ಒತ್ತಿದಳು. "ಈಗ?"

"ಇಲ್ಲ ಶಂಕರೀ. ಎಂಥದೂ ಇಲ್ಲ."

"ಬಟ್ಟೆ ತಾಗಿದ್ರೆ? ಗಾಳಿ ತಾಗಿದ್ರೆ?"

"ಇಲ್ಲ."

ಅಷ್ಟು ವರ್ಷ ನೋವು ತಿಂದ ನನ್ನ ಅಕ್ಕ ಒಂದು ದಿನವೂ ನನ್ನ ಎದುರು ಅತ್ತವಳಲ್ಲ. ಅವತ್ತು ಗಂಡನ ಬೆನ್ನ ಮೇಲೆ ಕೈಯಿಟ್ಟುಕೊಂಡು ಅತ್ತಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು. ಬೈಯಲಿಲ್ಲ, ಚುಚ್ಚಿ ಹೇಳಲಿಲ್ಲ, ನಿಜವಾಗಿಯೂ ತಿಳಿಯಬೇಕಿದ್ದವರು ಕೇಳುವ ಹಾಗೆ ಕೇಳಿದಳು.

"ಹರಿಣೀ, ಹಾಗಾದ್ರೆ ನಂಗೂ ಹೀಗೇ ಹೋಗ್ತಿತ್ತಾ?"

"ಹೋಗ್ತಿತ್ತೋ ಏನೋ ಅಕ್ಕ," ಎಂದೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯವರು ನಿಮ್ಮ ಹತ್ತಿರ ಈ ಪ್ರಶ್ನೆ ಕೇಳದಿರಲಿ. ಮೈಯ ಒಂದೇ ಬದಿಯಲ್ಲಿ ಉರಿ, ಕೆಂಪು ಪಟ್ಟಿ, ನೀರ್ಗುಳ್ಳೆ ಕಂಡರೆ ಅವತ್ತೇ ಡಾಕ್ಟರಿಗೆ ತೋರಿಸಿ. ಮದ್ದು ಹೆಚ್ಚು ಕೆಲಸ ಮಾಡುವುದು ಮೊದಲ ಮೂರು ದಿನದೊಳಗೆ. ಮೂರು ದಿನ ಮೀರಿತು ಎಂದು ಹೋಗದೆ ಕೂರಬೇಡಿ, ಆಗಲೂ ಹೋಗಿ. ಹಣೆ, ಮೂಗು, ಕಣ್ಣಿನ ಹತ್ತಿರ ಎದ್ದರೆ ಒಂದು ಗಂಟೆಯೂ ತಡ ಮಾಡಬೇಡಿ, ದೃಷ್ಟಿಯೇ ಹೋಗಬಹುದು. ಐವತ್ತು ದಾಟಿದವರು, ಸಕ್ಕರೆ ಕಾಯಿಲೆ ಇರುವವರು ಹೆಚ್ಚು ಎಚ್ಚರದಿಂದಿರಿ. ಗುಳ್ಳೆ ಒಣಗುವ ತನಕ ಅದನ್ನು ಮುಚ್ಚಿಟ್ಟುಕೊಳ್ಳಿ, ಬಸುರಿಯರನ್ನೂ ಎಳೆಮಕ್ಕಳನ್ನೂ ದೂರ ಇಡಿ.

ಗಾಯ ಮಾಸಿದ ಮೇಲೂ ನೋವು ಎಂದು ಹೇಳುವವರನ್ನು ನಂಬಿ. ಕಾಣುವುದಿಲ್ಲ ಎಂದ ಮಾತ್ರಕ್ಕೆ ನೋವು ಇಲ್ಲ ಎಂದಲ್ಲ. ಡಾಕ್ಟರು ಕೊಟ್ಟ ಮಾತ್ರೆಯನ್ನು ಅವರನ್ನು ಕೇಳದೆ ನಿಲ್ಲಿಸಬೇಡಿ. ಬದುಕು ಸಾಕು ಎಂದವರನ್ನು ಒಬ್ಬರನ್ನೇ ಬಿಡಬೇಡಿ, ಆ ಮಾತನ್ನೂ ಡಾಕ್ಟರಿಗೆ ತಿಳಿಸಿ.

ಊರಿನ ನಂಬಿಕೆಯನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಹರಕೆ ಹೇಳುವವರು ಹೇಳಿ, ಕಲ್ಲಿಗೆ ಫೋನ್ ಮಾಡುವವರು ಮಾಡಿ. ಆದರೆ ಆ ಫೋನನ್ನು ಆಸ್ಪತ್ರೆಯ ಚೀಟಿ ಕೈಯಲ್ಲಿ ಹಿಡಿದುಕೊಂಡು, ಡಾಕ್ಟರ ಬಾಗಿಲಲ್ಲಿ ಕೂತು ಮಾಡಿ.